ಕೇಳಿದ ರಾಜಕುಮಾರಿ, ನೋಡಿದ ರಾಜಕುಮಾರಿ

ಐದು ವರ್ಷದ ನನ್ನ ಮಗಳಿಗೆ ಎರಡು ಬಗೆಯ ರಾಜಕುಮಾರಿಯರು ಗೊತ್ತು. ರಾತ್ರಿ ದೀಪ ಆರಿಸಿದ ಮೇಲೆ ನಾನು ಕನ್ನಡದಲ್ಲಿ ಹೇಳುವ ಕಥೆಯವಳು ಒಬ್ಬಳು. ಡಿಸ್ನಿ ಕಂಪನಿಯ ಅನಿಮೇಷನ್ ಚಿತ್ರದಲ್ಲಿ ಇಂಗ್ಲಿಷಿನಲ್ಲಿ ಹಾಡುತ್ತ ಬರುವವಳು ಇನ್ನೊಬ್ಬಳು. ಕರ್ನಾಟಕದ ಹೊರಗೆ ಬೆಳೆಯುತ್ತಿರುವ ಈ ಮಗುವಿನ ಪಾಲಿಗೆ ಮೊದಲನೆಯವಳು ಇರುವುದು ಅಪ್ಪನ ಬಾಯಲ್ಲಿ ಮಾತ್ರ. ಎರಡನೆಯವಳು ಶಾಲೆಯ ಚೀಲದ ಮೇಲಿದ್ದಾಳೆ, ನೀರಿನ ಬಾಟಲಿಯ ಮೇಲಿದ್ದಾಳೆ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯ ಮೇಲೂ ಇದ್ದಾಳೆ. ಇಬ್ಬರನ್ನೂ ಒಂದೇ ಮನೆಯಲ್ಲಿ ದಿನವೂ ಕಾಣುತ್ತಿರುವ ನನಗೆ, ಈ ಚಿತ್ರಗಳ ಬಗ್ಗೆ ದೊಡ್ಡವರು ಸಾಮಾನ್ಯವಾಗಿ ಹೇಳುವ ದೂರು ಬೇರೆಲ್ಲೋ ಬೊಟ್ಟು ಮಾಡುತ್ತಿದೆ ಎಂದು ಅನ್ನಿಸತೊಡಗಿದೆ.

ಆ ದೂರು ಹಳೆಯದು: ರಾಜಕುಮಾರ ಬರುವವರೆಗೆ ಕಾಯುತ್ತ ಕೂರುವುದನ್ನು ಈ ಚಿತ್ರಗಳು ಹೆಣ್ಣುಮಕ್ಕಳಿಗೆ ಕಲಿಸುತ್ತವೆ ಎಂಬುದು. 1937ರ ಸ್ನೋ ವೈಟ್, 1950ರ ಸಿಂಡ್ರೆಲ್ಲಾ, 1959ರ ಸ್ಲೀಪಿಂಗ್ ಬ್ಯೂಟಿ ಇವುಗಳ ಮಟ್ಟಿಗೆ ಅದು ನಿಜವೇ. ಆದರೆ ಕಾರ್ಮೆನ್ ಫಾಟ್ ಮತ್ತು ಕ್ಯಾರೆನ್ ಐಸನ್‌ಹಾವರ್ ಎಂಬ ಇಬ್ಬರು ಭಾಷಾವಿಜ್ಞಾನಿಗಳು ಈ ಚಿತ್ರಗಳ ಮಾತನ್ನೆಲ್ಲ ಎಣಿಸಿ ನೋಡಿದಾಗ ಕಂಡದ್ದು ಬೇರೆಯೇ. ಸ್ಲೀಪಿಂಗ್ ಬ್ಯೂಟಿಯಲ್ಲಿ ಮಾತಿನ ನೂರಕ್ಕೆ 71 ಪಾಲು ಹೆಂಗಸರದು. ಹೊಸ ಕಾಲದ ಧೈರ್ಯವಂತೆ ಎಂದು ಬಂದ 1989ರ ಲಿಟ್ಲ್ ಮರ್ಮೇಡ್‌ನಲ್ಲಿ ನೂರಕ್ಕೆ 68 ಪಾಲು ಗಂಡಸರದು. ಇಬ್ಬರು ಅಕ್ಕತಂಗಿಯರ ಕಥೆಯೆಂದು ನಾವೆಲ್ಲ ಮೆಚ್ಚಿಕೊಂಡ 2013ರ ಫ್ರೋಜನ್‌ನಲ್ಲಿಯೂ ಹೆಂಗಸರಿಗೆ ದಕ್ಕಿದ್ದು 41 ಪಾಲು ಮಾತ್ರ. ಕಥೆಯ ನೀತಿ ಮುಂದೆ ಹೋದಷ್ಟು ಮಾತು ಮುಂದೆ ಹೋಗಿಲ್ಲ. ಲಿಟ್ಲ್ ಮರ್ಮೇಡ್‌ನ ಮತ್ಸ್ಯಕನ್ಯೆಯಂತೂ ಕಾಲುಗಳಿಗಾಗಿ ತನ್ನ ದನಿಯನ್ನೇ ಮಾರಿಕೊಳ್ಳುತ್ತಾಳೆ. ನೆಲದ ಮೇಲಿನ ಗಂಡಸರಿಗೆ ಮಾತಾಡುವ ಹೆಣ್ಣು ಹಿಡಿಸುವುದಿಲ್ಲ ಎಂದು ಅವಳಿಗೆ ಹೇಳುವವಳು ಮಾಟಗಾತಿ, ಆದ್ದರಿಂದ ಅದು ಚಿತ್ರದ ಅಭಿಪ್ರಾಯವಲ್ಲ ಎಂದು ವಾದಿಸಬಹುದು; ಆದರೂ ಅಲ್ಲಿಂದಾಚೆ ನಾಯಕಿ ಬಹಳ ಹೊತ್ತು ಮೂಕಿಯಾಗಿಯೇ ಇರುತ್ತಾಳೆ.

ಹಾಗೆಂದು ನಮ್ಮ ಕಥೆಗಳು ಇದಕ್ಕಿಂತ ಮೇಲು ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಹೂವಿನ ಗಿಡವಾಗುವ ಹುಡುಗಿಯ ಜನಪದ ಕಥೆಯನ್ನೇ ತೆಗೆದುಕೊಳ್ಳಿ. ಒಂದು ಕೊಡ ನೀರು ಹೊಯ್ದರೆ ಅವಳು ಗಿಡವಾಗುತ್ತಾಳೆ, ಇನ್ನೊಂದು ಕೊಡ ಹೊಯ್ದರೆ ಮತ್ತೆ ಹುಡುಗಿಯಾಗುತ್ತಾಳೆ. ಆದರೆ ನೀರಿಗೆ ಉಗುರು ತಾಗಬಾರದು, ಹೂ ಕೊಯ್ಯುವಾಗ ಕೊಂಬೆ ಮುರಿಯಬಾರದು. ಅವಳನ್ನು ಮದುವೆಯಾದ ರಾಜಕುಮಾರ ತನ್ನೆದುರು ಗಿಡವಾಗೆಂದು ಹಟ ಹಿಡಿಯುತ್ತಾನೆ. ಅವನ ತಂಗಿ ಗೆಳತಿಯರೊಡನೆ ಸೇರಿ ಕೊಂಬೆಗಳನ್ನು ಮುರಿದುಹಾಕುತ್ತಾಳೆ, ಹುಡುಗಿ ಕೈಕಾಲಿಲ್ಲದ ಅರೆಜೀವವಾಗಿ ಉಳಿಯುತ್ತಾಳೆ. ಐದು ವರ್ಷದ ಮಗುವಿಗೆ ಹೇಳುವಾಗ ನಾನು ಈ ಭಾಗದಲ್ಲಿ ಪ್ರತಿಸಲ ತಡವರಿಸುತ್ತೇನೆ. ಮತ್ಸ್ಯಕನ್ಯೆಯ ದುಃಖಕ್ಕಿಂತ ಇದು ಕಠೋರವಾದದ್ದು, ಕೊನೆಯಲ್ಲಿ ಇಲ್ಲಿಯೂ ರಾಜಕುಮಾರನೇ ಮುರಿದ ಕೊಂಬೆಗಳನ್ನು ಜೋಡಿಸಿ ನೀರು ಹೊಯ್ಯಬೇಕು.

ಹಾಗಾದರೆ ವ್ಯತ್ಯಾಸವೇನು? ಕೇಳುವ ಕಥೆಯ ಹುಡುಗಿಗೆ ಮುಖವಿಲ್ಲ. ಅವಳು ಬೆಳ್ಳಗಿದ್ದಳೋ ಕಪ್ಪಗಿದ್ದಳೋ, ಸೊಂಟ ಎಷ್ಟಿತ್ತೋ ಕಥೆ ಹೇಳುವುದೇ ಇಲ್ಲ. ಬಹಳವೆಂದರೆ ಚೆಂದದ ಹುಡುಗಿ ಎನ್ನುತ್ತದೆ, ಆ ಚೆಂದವನ್ನು ತುಂಬಿಕೊಳ್ಳುವ ಕೆಲಸ ಕೇಳುವವಳದು. ಚಿತ್ರದ ರಾಜಕುಮಾರಿಗಾದರೋ ಮುಖ ಮೊದಲೇ ನಿಗದಿಯಾಗಿದೆ, ಜಗತ್ತಿನ ಎಲ್ಲ ಮಕ್ಕಳಿಗೂ ಅದೊಂದೇ. ಫ್ರೋಜನ್ ಚಿತ್ರದ ಆನಾಳ ಒಂದು ಕಣ್ಣು ಅವಳ ಮಣಿಕಟ್ಟಿಗಿಂತ ಅಗಲ ಎಂದು ಸಮಾಜವಿಜ್ಞಾನಿಯೊಬ್ಬರು ತೋರಿಸಿದ್ದರು. ಒಮ್ಮೆ ಅದನ್ನು ಗಮನಿಸಿದ ಮೇಲೆ ಬೇರೇನೂ ಕಾಣಿಸುವುದಿಲ್ಲ. ಮೊನ್ನೆ ಮಗಳು ಕನ್ನಡಿಯ ಮುಂದೆ ನಿಂತು ಎರಡು ಬೆರಳುಗಳಿಂದ ಕಣ್ಣಿನ ರೆಪ್ಪೆಗಳನ್ನು ಮೇಲಕ್ಕೂ ಕೆಳಕ್ಕೂ ಎಳೆದು ಹಿಡಿದುಕೊಂಡಿದ್ದಳು. ಏನು ಮಾಡುತ್ತಿದ್ದೀಯ ಪುಟ್ಟಿ ಎಂದರೆ, "ಎಲ್ಸಾ ಮಾಡ್ಕೋತಿದೀನಿ ಅಪ್ಪಾ" ಎಂದಳು. ಅದೇ ಚಿತ್ರದ ಅಕ್ಕ ಎಲ್ಸಾ ತಂಗಿ ಆನಾಳಿಗೆ ಹೇಳುವ ಬುದ್ಧಿಮಾತು, ಇವತ್ತು ಕಂಡವನನ್ನು ಇವತ್ತೇ ಮದುವೆಯಾಗಬೇಡ ಎಂಬುದು, ಅವಳ ಆಟದಲ್ಲಿ ಎಂದೂ ಬಂದಿಲ್ಲ. ಬಂದಿರುವುದು ಕಣ್ಣು, ಜಡೆ, ನೀಲಿ ಲಂಗ.

ಈ ಮುಖ ಎಷ್ಟು ಗಟ್ಟಿಯಾದದ್ದೆಂದರೆ, ಅದನ್ನು ಮುರಿಯಲೆಂದೇ ಮಾಡಿದ ಚಿತ್ರವನ್ನೂ ಅದು ನುಂಗಬಲ್ಲದು. 2012ರ ಬ್ರೇವ್ ಚಿತ್ರದ ಮೆರಿಡಾ ಕೆದರಿದ ಗುಂಗುರು ಕೂದಲಿನ, ಬಿಲ್ಲು ಹಿಡಿದು ತನ್ನ ಮದುವೆಯ ಪಣಕ್ಕೆ ತಾನೇ ಬಾಣ ಬಿಡುವ ಹುಡುಗಿ. ಮರುವರ್ಷ ಡಿಸ್ನಿ ತನ್ನ ರಾಜಕುಮಾರಿಯರ ಸಾಲಿಗೆ ಅವಳನ್ನು ಸೇರಿಸಿಕೊಳ್ಳುವಾಗ ಬಿಡಿಸಿದ ಹೊಸ ಚಿತ್ರದಲ್ಲಿ ಸೊಂಟ ಸಣ್ಣದಾಗಿತ್ತು, ಕೂದಲು ಓರಣವಾಗಿತ್ತು, ಬಿಲ್ಲು ಕಾಣೆಯಾಗಿತ್ತು. ಅವಳನ್ನು ಸೃಷ್ಟಿಸಿದ ನಿರ್ದೇಶಕಿ ಬ್ರೆಂಡಾ ಚಾಪ್‌ಮನ್ ಬಹಿರಂಗವಾಗಿಯೇ ಸಿಟ್ಟಾದರು, ಎರಡು ಲಕ್ಷಕ್ಕೂ ಹೆಚ್ಚು ಮಂದಿ ಮನವಿಗೆ ಸಹಿ ಹಾಕಿದರು. ಚಿತ್ರ ಒಂದೂವರೆ ಗಂಟೆಯದು. ಚೀಲ, ಬಾಟಲಿ, ಗೊಂಬೆಗಳು ವರ್ಷವಿಡೀ ಕಣ್ಣೆದುರು ಇರುವಂಥವು.

ನನ್ನ ಆತಂಕ ಅತಿಯಾಯಿತೇನೋ ಎಂಬ ಅನುಮಾನಕ್ಕೂ ಕಾರಣವಿದೆ. ಸಂಶೋಧಕಿ ಸಾರಾ ಕಾಯ್ನ್ ಮತ್ತು ಅವರ ಸಂಗಡಿಗರು 198 ಪುಟ್ಟ ಮಕ್ಕಳನ್ನು ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾಜಕುಮಾರಿಯರನ್ನು ಹೆಚ್ಚು ಹಚ್ಚಿಕೊಂಡ ಮಕ್ಕಳು ಒಂದು ವರ್ಷದ ಬಳಿಕ 'ಹುಡುಗಿಯರೆಂದರೆ ಹೀಗಿರಬೇಕು' ಎಂಬ ರೂಢಿಯ ನಡವಳಿಕೆಯತ್ತ ವಾಲಿದ್ದರು. ಕಾಯ್ನ್ ತಂಡ ಮತ್ತೆ ನೋಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ವಾಲಿಕೆ ಉಳಿದಿರಲಿಲ್ಲ; ಚಿಕ್ಕಂದಿನ ರಾಜಕುಮಾರಿ ಪ್ರೇಮ ಗಂಡಸುತನದ ಬಿಗಿಯಾದ ಕಲ್ಪನೆಗಳನ್ನು ಸಡಿಲಿಸುವುದರ ಜೊತೆ ತಳಕು ಹಾಕಿಕೊಂಡಿತ್ತು. ಹಾಗಾಗಿ ಚಿತ್ರಗಳನ್ನು ಮನೆಯಿಂದ ಹೊರಹಾಕುವ ಯೋಚನೆ ನನಗಿಲ್ಲ. ಹೊರಹಾಕಿದರೂ ಬಾಟಲಿಯ ಮೇಲೆ ಅವು ಮರಳಿ ಬರುತ್ತವೆ. ನಾನು ಮಾಡುತ್ತಿರುವುದು ಇಷ್ಟೇ, ರಾತ್ರಿಯ ಕಥೆಯನ್ನು ತಪ್ಪಿಸುತ್ತಿಲ್ಲ. ಅವಳು ಹೇಗಿದ್ದಳು ಎಂದು ಮಗಳು ಕೇಳಿದರೆ ನೀನೇ ಹೇಳು ಎನ್ನುತ್ತೇನೆ.

ಕಳೆದ ವಾರ ಅವಳು ಗಿಡವಾಗುವ ಹುಡುಗಿಯ ಚಿತ್ರ ಬರೆದಳು. ಕೂದಲು ಎಲ್ಸಾಳ ಹಳದಿ ಜಡೆಯೇ, ಕಣ್ಣುಗಳು ಮುಖದ ಅರ್ಧ ಭಾಗವನ್ನು ತಿಂದಿದ್ದವು. ಪಕ್ಕದಲ್ಲಿ ಎರಡು ಕೊಡ, ಅವುಗಳನ್ನು ಹಿಡಿದ ಒಬ್ಬ ತಂಗಿ. ತಂಗಿಯ ಬೆರಳ ತುದಿಗಳನ್ನು ಮಾತ್ರ ಅವಳು ಬಹಳ ಹೊತ್ತು ಅಳಿಸಿ ಅಳಿಸಿ ತಿದ್ದಿದ್ದಳು, ಕಾಗದ ಅಲ್ಲಿ ತೆಳ್ಳಗಾಗಿತ್ತು. ಯಾಕೆಂದು ಕೇಳಿದೆ. ಉಗುರು ಕತ್ತರಿಸಿಬಿಟ್ಟೆ ಎಂದಳು.