ವಸಂತದ ಕರಡಿ ಬೇಟೆ: ಕಾಯುವ ತಾಳ್ಮೆ ಇಲ್ಲದವರು ಬಂದೂಕು ಹಿಡಿಯಬೇಡಿ

ನಾನು ಹಾಕಿದ ಬೆಟ್ಟದ ಫೋಟೋಗಳನ್ನು ನೋಡಿ ಊರಿನ ಕೆಲವರು ಮೆಸೇಜ್ ಮಾಡಿದ್ದಾರೆ. ಕರಡಿ ಬೇಟೆಗೆ ಹೋಗಲು ಮನಸ್ಸಾದರೂ ಹೇಗೆ ಬಂತು, ಅದೂ ಮರಿಗಳಿರುವ ಕಾಲದಲ್ಲಿ ಅಂತ. ನ್ಯಾಯವಾದ ಪ್ರಶ್ನೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಕಾಲ್ನಡಿಗೆಯಲ್ಲಿ ಹೋಗಿ, ಗಂಟೆಗಟ್ಟಲೆ ನೋಡಿ, ಒಂಟಿ ಗಂಡು ಅಂತ ಖಾತ್ರಿಯಾದ ಮೇಲೆ ಹೊಡೆದು, ಮಾಂಸ ಹೊತ್ತು ತಂದು ತಿನ್ನುವ ಬೇಟೆಗೆ ನನ್ನ ವಿರೋಧ ಇಲ್ಲ. ವಸಂತದಲ್ಲಿ ನಾಯಿಗಳನ್ನು ಬಿಟ್ಟು ಕರಡಿಯನ್ನು ಅಟ್ಟುವುದಕ್ಕೆ ಪೂರ್ತಿ ವಿರೋಧ ಇದೆ.

ನಾನಿರುವುದು ಅಮೆರಿಕದ ಮೊಂಟಾನಾದಲ್ಲಿ. ಹೋಗಿದ್ದು ಬಿಟರ್‌ರೂಟ್ ಬೆಟ್ಟಗಳಿಗೆ. ಪರ್ಮಿಟ್, ಬಂದೂಕು ಎಲ್ಲ ಗೆಳೆಯನದು. ನನ್ನ ಕೈಯಲ್ಲಿದ್ದದ್ದು ಬೈನಾಕ್ಯುಲರ್. ಇಲ್ಲಿನ ಕಣಿವೆಗಳು ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿವೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ಜಾಸ್ತಿ, ಅಲ್ಲಿ ಹಿಮ ಬೇಗ ಕರಗುತ್ತದೆ. ಉತ್ತರಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ಇನ್ನೂ ಸೊಂಟದುದ್ದ ಹಿಮ ಇರುವಾಗಲೇ ಇಲ್ಲಿ ಹುಲ್ಲು ಚಿಗುರುತ್ತದೆ. ಗುಹೆಯಿಂದ ಹೊರಬಂದ ಕಪ್ಪು ಕರಡಿಗೆ ಬೇಕಾದದ್ದು ಅದೇ ಚಿಗುರು. ತಿಂಗಳುಗಟ್ಟಲೆ ಏನೂ ತಿನ್ನದೆ ಮಲಗಿದ್ದ ಪ್ರಾಣಿ ಅದು. ಮೊದಲು ದೊಡ್ಡ ಗಂಡುಗಳು ಹೊರಬರುತ್ತವೆ, ಹೊಸ ಮರಿ ಹಾಕಿದ ತಾಯಂದಿರು ಎಲ್ಲರಿಗಿಂತ ಕೊನೆಗೆ.

ವಸಂತದ ಬೇಟೆ ನ್ಯಾಯವೋ ಅನ್ಯಾಯವೋ ಅನ್ನುವುದು ನಿಂತಿರುವುದು ಇದೇ ವ್ಯತ್ಯಾಸದ ಮೇಲೆ.

ಮರಿ ಜೊತೆಗಿರುವ ಹೆಣ್ಣನ್ನು ಹೊಡೆಯುವುದು ಇಲ್ಲಿ ಅಪರಾಧ. ಆದರೆ ಮರಿ ಜೊತೆಗಿದೆ ಅಂತ ಗೊತ್ತಾಗುವುದು ಹೇಗೆ? ಒಂದು ಸಂಜೆ ಎದುರಿನ ಇಳಿಜಾರಿನಲ್ಲಿ ದಾಲ್ಚಿನ್ನಿ ಬಣ್ಣದ ಕರಡಿ ಕಾಣಿಸಿತು. ಹೆಸರಿಗಷ್ಟೇ ಕಪ್ಪು ಕರಡಿ, ಈ ಕಡೆ ಕಂದು ಬಣ್ಣದವೂ ಬೇಕಾದಷ್ಟಿವೆ. ತಲೆ ಬಗ್ಗಿಸಿ ಹಸುವಿನ ಹಾಗೆ ಮೇಯುತ್ತಿತ್ತು. ಭುಜದ ಮೇಲೆ ಗೂನು ಇಲ್ಲ, ಮೂತಿ ನೇರ, ಕಿವಿ ಉದ್ದ. ಅಂದರೆ ಇಲ್ಲಿನ ಇನ್ನೊಂದು ಜಾತಿಯ ಕರಡಿ, ಗ್ರಿಜ್ಲಿ ಅಲ್ಲ. ಗ್ರಿಜ್ಲಿಗೆ 1975ರಿಂದ ಕಾನೂನಿನ ರಕ್ಷಣೆ ಇದೆ. ಕಣ್ಣಿಗೆ ಒಂಟಿ ಕರಡಿ, ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ಗುಂಡಿನ ಅಳತೆಗೆ ಹೋಗಲು ದಾರಿಯೂ ಇತ್ತು. ಗೆಳೆಯ ಕೂತ ಜಾಗದಿಂದ ಏಳಲಿಲ್ಲ. ತಲೆ ಸಣ್ಣದು, ಕಿವಿಗಳು ಹತ್ತಿರ ಹತ್ತಿರ ಇವೆ, ನೋಡೋಣ ಇರು ಅಂದ. ವಯಸ್ಸಾದ ಗಂಡಿನ ತಲೆ ಎಷ್ಟು ಅಗಲ ಅಂದರೆ ಕಿವಿಗಳು ಚಿಕ್ಕದಾಗಿ, ಪಕ್ಕಕ್ಕೆ ಸರಿದ ಹಾಗೆ ಕಾಣುತ್ತವೆ. ಇದರದ್ದು ಹಾಗಿರಲಿಲ್ಲ.

ಗಂಟೆಯ ಮೇಲಾಯಿತು. ಅಷ್ಟು ಹೊತ್ತೂ ಕರಡಿ ಆ ಒಂದು ಪೈನ್ ಮರ ಬಿಟ್ಟು ದೂರ ಹೋಗಲಿಲ್ಲ. ಆಮೇಲೆ ಮರದ ಬುಡಕ್ಕೆ ಹೋಗಿ ನಿಂತಿತು. ಮೇಲಿನ ಕೊಂಬೆಯಿಂದ ಎರಡು ಮರಿಗಳು ಹಿಂದುಮುಂದಾಗಿ ಜಾರುತ್ತಾ ಇಳಿದವು. ತಾಯಿ ಮೇಯುವಾಗ ಮರಿಗಳನ್ನು ಮರ ಹತ್ತಿಸಿ ಬಿಡುತ್ತಾಳೆ. ಜನವರಿಯ ಹೊತ್ತಿಗೆ ಹುಟ್ಟುವಾಗ ಅವು ಅರ್ಧ ಕಿಲೋನೂ ಇರುವುದಿಲ್ಲ. ಮೇ ತಿಂಗಳಲ್ಲಿ ತಾಯಿ ಸತ್ತರೆ ಅವು ಬದುಕುವುದು ಬಹಳ ಕಷ್ಟ. ಹತ್ತು ನಿಮಿಷ ನೋಡಿ ಹೊಡೆದವನಿಗೆ ಆ ಮರದ ಮೇಲೆ ಏನಿತ್ತು ಅಂತ ಗೊತ್ತೇ ಆಗುತ್ತಿರಲಿಲ್ಲ. ಕಾನೂನು ಮುರಿದೆ ಅಂತಲೂ ಅವನಿಗೆ ಅನಿಸುತ್ತಿರಲಿಲ್ಲ.

ನಾಯಿಗಳ ವಿಷಯಕ್ಕೆ ಬರುತ್ತೇನೆ. ಮೊಂಟಾನಾದಲ್ಲಿ ನಾಯಿ ಬಿಟ್ಟು ಕರಡಿ ಬೇಟೆಯಾಡುವುದನ್ನು 1921ರಲ್ಲೇ ನಿಲ್ಲಿಸಿದ್ದರು. ನೂರು ವರ್ಷ ಆದಮೇಲೆ, 2021ರಲ್ಲಿ, ಶಾಸನಸಭೆ ಮತ್ತೆ ಬಾಗಿಲು ತೆರೆಯಿತು. ಪರವಾಗಿರುವವರ ವಾದ ನನಗೆ ಗೊತ್ತು. ಕರಡಿ ಮರ ಹತ್ತಿದರೆ ಹತ್ತಿರದಿಂದ ನೋಡಬಹುದು, ಹೆಣ್ಣಾದರೆ ಬಿಟ್ಟು ಬರಬಹುದು ಅನ್ನುತ್ತಾರೆ. ಮಾತಿನಲ್ಲಿ ಅರ್ಥ ಇದೆ, ಒಪ್ಪುತ್ತೇನೆ. ಆದರೆ ನಾಯಿಗಳು ವಾಸನೆ ಹಿಡಿದು ಓಡುವಾಗ ಗಂಡು ಹೆಣ್ಣು ನೋಡಿ ಓಡುತ್ತವಾ? ತಾಯಿ ಒಂದು ಕಡೆ, ಮರಿ ಇನ್ನೊಂದು ಕಡೆ ಆಗುವುದು ಆ ಓಟದಲ್ಲೇ. ಚಳಿಗಾಲ ಪೂರ್ತಿ ಉಪವಾಸ ಇದ್ದ ಪ್ರಾಣಿಯನ್ನು ಮೈಲಿಗಟ್ಟಲೆ ಓಡಿಸಿ, ಆಮೇಲೆ ಮರದ ಕೆಳಗೆ ನಿಂತು ಬಿಟ್ಟುಬಿಟ್ಟೆ ಅಂದರೆ ಅದು ದಯೆ ಆಗುವುದಿಲ್ಲ. ವಾಷಿಂಗ್ಟನ್ ರಾಜ್ಯದ ವನ್ಯಜೀವಿ ಆಯೋಗ 2022ರಲ್ಲಿ ವಸಂತದ ಹವ್ಯಾಸಿ ಕರಡಿ ಬೇಟೆಯನ್ನೇ ನಿಲ್ಲಿಸಿತು. ಅಷ್ಟು ದೂರ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಬೇಟೆಗಾರರು ತಾವೇ ಬಿಗಿಯಾಗಿ ನಡೆದುಕೊಳ್ಳದಿದ್ದರೆ ಇಲ್ಲೂ ಜನ ಅದನ್ನೇ ಕೇಳುತ್ತಾರೆ, ಕೇಳುವುದರಲ್ಲಿ ತಪ್ಪೂ ಇಲ್ಲ.

ನಾನು ಕೊಡಗಿನವನು. ಅಜ್ಜನ ಕಾಲದಲ್ಲಿ ಕಾಡುಹಂದಿ ಬೇಟೆ ಇತ್ತು, 1972ರ ವನ್ಯಜೀವಿ ಕಾಯ್ದೆ ಬಂದು ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ದರೋಜಿ ಕರಡಿಧಾಮದ ಕರಡಿಗಳ ಮೇಲೆ ಯಾರೂ ಬಂದೂಕು ಎತ್ತುವುದು ನನಗೆ ಬೇಡ. ಇಲ್ಲಿನ ವ್ಯವಸ್ಥೆಯೇ ಬೇರೆ. ಲೈಸೆನ್ಸ್ ದುಡ್ಡು, ಜೊತೆಗೆ 1937ರ ಕಾನೂನಿನಂತೆ ಬೇಟೆ ಬಂದೂಕು ಮತ್ತು ಗುಂಡುಗಳ ಮೇಲೆ ಹಾಕುವ ಶೇ. 11 ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ.

ಗೆಳೆಯನಿಗೆ ಆಮೇಲೆ ಒಂದು ಗಂಡು ಸಿಕ್ಕಿತು. ಕತ್ತಲಲ್ಲೇ ಚರ್ಮ ಸುಲಿದು, ಮಾಂಸವನ್ನು ಬಟ್ಟೆಚೀಲಗಳಲ್ಲಿ ಕಟ್ಟಿ ಹಿಮದ ಮೇಲೆ ಇಟ್ಟೆವು. ಬೆಳಗಾಗುವವರೆಗೆ ಹೊಳೆ ದಾಟಲಿಲ್ಲ. ದಿನವೆಲ್ಲ ಹಿಮ ಕರಗಿ ಸಂಜೆಗೆ ನೀರು ಏರಿರುತ್ತದೆ, ರಾತ್ರಿಯ ಚಳಿಗೆ ಇಳಿಯುತ್ತದೆ. ಬೆನ್ನ ಮೇಲೆ ಭಾರ ಹೊತ್ತವನಿಗೆ ಆ ಗೇಣು ನೀರಿನ ವ್ಯತ್ಯಾಸವೇ ಜೀವ ಉಳಿಸುವುದು. ಮಾಂಸ ಬಿಟ್ಟು ಚರ್ಮ ಮಾತ್ರ ತರುವುದು ಮೊಂಟಾನಾದಲ್ಲಿ ಕಾನೂನಿಗೆ ವಿರುದ್ಧ. ಪಕ್ಕದ ಐಡಾಹೋದಲ್ಲಿ ಕರಡಿ ಮಾಂಸ ತರಲೇಬೇಕು ಅನ್ನುವ ನಿಯಮ ಇಲ್ಲ. ಅದು ನನಗೆ ಯಾವತ್ತೂ ಸರಿ ಅನಿಸಿಲ್ಲ.

ಮಾಂಸವನ್ನು ಕಾಚಂಪುಳಿ ಅನ್ನುವ ನಮ್ಮ ಕೊಡಗಿನ ಹುಳಿ ಹಾಕಿ, ಹಂದಿಮಾಂಸದ ಪಂದಿ ಕರಿಯ ಹಾಗೇ ಮಾಡಿದೆ. ತುಂಬಾ ಹೊತ್ತು ಬೇಯಿಸಲೇಬೇಕು, ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕರಡಿ ಮಾಂಸದಲ್ಲಿ ಟ್ರಿಕಿನೆಲ್ಲಾ ಅನ್ನುವ ಹುಳ ಇರಬಹುದು, ಅದರಲ್ಲಿ ಕೆಲವು ಜಾತಿ ಫ್ರೀಜರ್‌ನಲ್ಲೂ ಸಾಯುವುದಿಲ್ಲ. 2022ರಲ್ಲಿ ಸೌತ್ ಡಕೋಟಾದಲ್ಲಿ ಸೇರಿದ್ದ ಒಂದು ಕುಟುಂಬದ 6 ಜನರಿಗೆ ಹೀಗೇ ಕಾಯಿಲೆ ಬಂತು. 45 ದಿನ ಫ್ರೀಜ್ ಮಾಡಿದ್ದ ಮಾಂಸ ಅದು. ಅವರಲ್ಲಿ ಇಬ್ಬರು ತಿಂದಿದ್ದು ಅದರ ಜೊತೆ ಬೆಂದ ತರಕಾರಿ ಮಾತ್ರ.

ಮುಂದಿನ ವಸಂತಕ್ಕೆ ನಮ್ಮನ್ನೂ ಕರೆದುಕೊಂಡು ಹೋಗಿ ಅಂತ ಇಲ್ಲಿನ ಕೆಲವು ಕನ್ನಡದ ಗೆಳೆಯರು ಕೇಳಿದ್ದಾರೆ. ಬನ್ನಿ. ಲೈಸೆನ್ಸ್ ಕೊಳ್ಳುವ ಮೊದಲು ಕರಡಿ ಗುರುತಿಸುವ ಪರೀಕ್ಷೆ ಪಾಸಾಗಬೇಕು ಅಂತ ಇಲ್ಲಿ ನಿಯಮ ಇದೆ, ಆನ್‌ಲೈನ್‌ನಲ್ಲೇ ಬರೆಯಬಹುದು. ಬಂದೂಕು ಮುಟ್ಟದವರೂ ಬರೆದುಕೊಂಡೇ ಬನ್ನಿ. ಎದುರಿನ ಇಳಿಜಾರಿನಲ್ಲಿ ಏನಾದರೂ ಅಲುಗಾಡಿದಾಗ ನೋಡುವ ಕಣ್ಣು ಎಷ್ಟಿದ್ದರೂ ಸಾಲುವುದಿಲ್ಲ.