ವರ್ಷದ ಹಾಡುಗಳಿಗೆ ರ‍್ಯಾಂಕ್ ಕೊಡಬೇಕೇ? ಪರ–ವಿರೋಧ

ಪರ: ಒಂದರಿಂದ ಇಪ್ಪತ್ತು, ಬೇಕೇ ಬೇಕು

ಈ ವರ್ಷ ಯಾವ ಹಾಡು ಇಷ್ಟವಾಯಿತು ಅಂತ ಕೇಳಿದರೆ ಎಲ್ಲರೂ ಸಲೀಸಾಗಿ ಏಳೆಂಟು ಹೆಸರು ಹೇಳುತ್ತಾರೆ. ಅದರಲ್ಲಿ ಮೊದಲನೆಯದು ಯಾವುದು ಅಂತ ಕೇಳಿ ನೋಡಿ. ತಕ್ಷಣ ಉತ್ತರ ಬರುವುದಿಲ್ಲ. ಆ ಹಾಡುಗಳನ್ನು ಅವರು ಮನಸ್ಸಿನಲ್ಲೇ ಇನ್ನೊಮ್ಮೆ ಕೇಳಿಸಿಕೊಳ್ಳುತ್ತಾರೆ. ನನ್ನ ವಾದ ಇದೇ. ರ‍್ಯಾಂಕ್ ಕೊಡಲು ಕೂತಾಗಲೇ ನಾವು ಹಾಡನ್ನು ಸರಿಯಾಗಿ ಕೇಳುವುದು.

ಪ್ರತಿ ಡಿಸೆಂಬರ್‌ನಲ್ಲಿ ನಾನು ಆ ವರ್ಷದ ಇಪ್ಪತ್ತು ಕನ್ನಡ ಹಾಡುಗಳ ಪಟ್ಟಿ ಮಾಡುತ್ತೇನೆ. ಹೆಚ್ಚಿನವು ಸಿನಿಮಾ ಹಾಡುಗಳು. ನಮ್ಮಲ್ಲಿ ಪಾಪ್ ಅಂದರೆ ಇವತ್ತಿಗೂ ಬಹುಪಾಲು ಅದೇ ಅಲ್ವಾ? ಆದರೆ ಸಿನಿಮಾ ಹಾಡು ಬರುವ ರೀತಿ ಬದಲಾಗಿದೆ. ಕ್ಯಾಸೆಟ್ ಕಾಲದಲ್ಲಿ ಐದಾರು ಹಾಡು ಒಟ್ಟಿಗೆ ಬರುತ್ತಿದ್ದವು. ಒಂದು ಒಳ್ಳೆಯ ಹಾಡಿನ ಬೆನ್ನಿಗೆ ಮೂರು ಸಾಧಾರಣ ಹಾಡು ಓಡುತ್ತಿದ್ದವು. ಈಗ ಒಂದೊಂದೇ ಲಿರಿಕಲ್ ವಿಡಿಯೋ ಬಿಡುತ್ತಾರೆ. ಪ್ರತಿ ಹಾಡೂ ಒಬ್ಬಂಟಿಯಾಗಿ ಗೆಲ್ಲಬೇಕು. ಸಿನಿಮಾ ಇಲ್ಲದೆ ಹಾಡು ಬಿಡುವ ಹುಡುಗ ಹುಡುಗಿಯರೂ ಜಾಸ್ತಿ ಆಗಿದ್ದಾರೆ. ಅವರಿಗೂ ಪಟ್ಟಿಯಲ್ಲಿ ಜಾಗ ಇದೆ.

ನನ್ನ ಮೊದಲ ನಿಯಮ, ವಿಡಿಯೋ ನೋಡಬಾರದು. ಕಣ್ಣು ಕಿವಿಗೆ ಮೋಸ ಮಾಡುತ್ತದೆ. ಅದರಲ್ಲೂ ನಾವು ಮಲೆನಾಡಿನವರು ಹುಷಾರಾಗಿರಬೇಕು. ನಮ್ಮ ಗುಡ್ಡ, ನಮ್ಮ ಮಂಜು, ನಮ್ಮ ಹೊಳೆ ತೆರೆಯ ಮೇಲೆ ಬಂದ ಕೂಡಲೇ ಹಾಡೂ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಎರಡನೇ ನಿಯಮ, ಇಯರ್‌ಫೋನಿನಲ್ಲಿ ಮಾತ್ರ ಕೇಳಿ ತೀರ್ಮಾನ ಮಾಡಬಾರದು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕೇಳಬೇಕು. ಗಾಜನೂರು ದಾಟುವಷ್ಟರಲ್ಲಿ ಗೊತ್ತಾಗುತ್ತದೆ. ಬಸ್ಸಿನ ಸ್ಪೀಕರ್‌ನಲ್ಲಿ ಸಣ್ಣಪುಟ್ಟ ವಾದ್ಯಗಳೆಲ್ಲ ಎಂಜಿನ್ ಸದ್ದಿನಲ್ಲಿ ಮುಳುಗುತ್ತವೆ. ಉಳಿಯುವುದು ಧಾಟಿ ಮತ್ತು ದನಿ. ಅಷ್ಟು ಉಳಿದರೂ ಹಾಡು ಹಿಡಿದು ಕೂರಿಸುತ್ತದಾ? ಕೂರಿಸಿದರೆ ಅದು ಮೊದಲ ಹತ್ತರ ಹಾಡು.

2022ರಲ್ಲಿ 'ಕಾಂತಾರ' ಬಂತು. ಅಜನೀಶ್ ಲೋಕನಾಥ್ ಸಂಗೀತ. ಎಲ್ಲರ ಬಾಯಲ್ಲೂ 'ವರಾಹ ರೂಪಂ'. ನಾನು 'ಸಿಂಗಾರ ಸಿರಿಯೆ'ಯನ್ನು ಅದಕ್ಕಿಂತ ಮೇಲಿಟ್ಟೆ. ಗೆಳತಿಯರು ಜಗಳಕ್ಕೇ ಬಂದರು. ಆ ಜಗಳದಿಂದಾಗಿ ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದೆ. ಒಂದು ಹಾಡಿಗೆ ಸಿನಿಮಾದ ಕೊನೆಯ ದೃಶ್ಯದ ಬಲ ಇತ್ತು. ಇನ್ನೊಂದಕ್ಕೆ ವಿಜಯ್ ಪ್ರಕಾಶ್ ಮತ್ತು ಅನನ್ಯಾ ಭಟ್ ದನಿಗಳೇ ಬಲ. ಪ್ರಮೋದ್ ಮರವಂತೆ ಬರೆದ ಸಾಲುಗಳು ಕರಾವಳಿಯ ಮಾತಿನ ಹದದಲ್ಲೇ ಇವೆ. ರ‍್ಯಾಂಕ್ ಗೊಡವೆ ಇಲ್ಲದಿದ್ದರೆ ಬರೆದವರು ಯಾರು ಅಂತ ನಾನು ಹುಡುಕುತ್ತಲೇ ಇರಲಿಲ್ಲ. ನಮ್ಮಲ್ಲಿ ಹಾಡಿಗೆ ಹೀರೋ ಹೆಸರು ಅಂಟಿಕೊಳ್ಳುತ್ತದೆ. ಪಟ್ಟಿ ಮಾಡುವವರು ಮಾತ್ರ ಬರೆದವರ, ಹಾಡಿದವರ ಹೆಸರನ್ನು ಪಕ್ಕದಲ್ಲಿ ಬರೆಯುತ್ತಾರೆ.

ಇದು ಹೊಸ ಚಟ ಅಂತ ಯಾರಾದರೂ ಅಂದುಕೊಂಡಿದ್ದರೆ ಸ್ವಲ್ಪ ಹಿಂದೆ ನೋಡಲಿ. ಇಂಗ್ಲೆಂಡಿನಲ್ಲಿ ಮೊದಲ ಸಿಂಗಲ್ಸ್ ಪಟ್ಟಿ, ಅಂದರೆ ಬಿಡಿ ಹಾಡಿನ ರೆಕಾರ್ಡ್‌ಗಳ ರ‍್ಯಾಂಕ್ ಪಟ್ಟಿ, ಅಚ್ಚಾದದ್ದು 1952ರ ನವೆಂಬರ್‌ನಲ್ಲಿ. ಒಂದು ಸಂಗೀತ ಪತ್ರಿಕೆಯವರು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಯಾವುದು ಹೆಚ್ಚು ಖರ್ಚಾಯಿತು ಅಂತ ಕೇಳಿ ಬರೆದುಕೊಂಡರು. ಅದೇ 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತ್‌ಮಾಲಾ' ಅನ್ನುವ ಹಿಂದಿ ಸಿನಿಮಾ ಹಾಡುಗಳ ಕಾರ್ಯಕ್ರಮ ಶುರುವಾಯಿತು. ಹಿಂದಿ ಬಾರದ ಮನೆಗಳಲ್ಲೂ ಬುಧವಾರ ರಾತ್ರಿ ರೇಡಿಯೋ ಸುತ್ತ ಜನ ಕೂರುತ್ತಿದ್ದರು. ಹಾಡು ಕೇಳುವುದು ಒಂದು ಆಸೆ. ಅದು ಎಷ್ಟನೇ ಮೆಟ್ಟಿಲಲ್ಲಿದೆ ಅಂತ ತಿಳಿಯುವುದು ಇನ್ನೊಂದು ಆಸೆ. ಎರಡೂ ಸೇರಿ ಆ ಕಾರ್ಯಕ್ರಮ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು.

ಅಷ್ಟು ದೂರ ಯಾಕೆ? ಹೊಸನಗರ ತಾಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣನವರ ಬಗ್ಗೆ ನಾವು ಏನಂತ ಹೇಳಿಕೊಳ್ಳುತ್ತೇವೆ? ಹಿನ್ನೆಲೆ ಗಾಯನಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದ ಮೊದಲ ಕನ್ನಡ ಗಾಯಕ ಅಂತ. ಎದೆಯುಬ್ಬಿಸಿ ಹೇಳುತ್ತೇವೆ. ಆ ವರ್ಷದ ಎಲ್ಲ ಹಾಡುಗಳಲ್ಲಿ ಇವರ ಹಾಡು ಮೇಲು ಅಂತ ಯಾರೋ ಕೂತು ಕೇಳಿ ತೀರ್ಮಾನ ಮಾಡಿದ್ದರಿಂದಲೇ ಆ ಹೆಮ್ಮೆ ನಮಗೆ ಸಿಕ್ಕಿತು.

ನಾವು ರ‍್ಯಾಂಕ್ ಕೊಡದಿದ್ದರೆ ಯಾರೂ ಕೊಡುವುದಿಲ್ಲ ಅಂತೇನೂ ಇಲ್ಲ. ಡಿಸೆಂಬರ್ ಬಂದ ಕೂಡಲೇ ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ, ನಾವು ಹೆಚ್ಚು ಕೇಳಿದ ಹಾಡುಗಳ ಪಟ್ಟಿಯನ್ನು ತಾನೇ ಮಾಡಿ ಕಳಿಸುತ್ತದೆ. ಅಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಕೇಳಿದ ಲೆಕ್ಕ. ಬೇಸರವಾಗಿ 31ನೇ ಸೆಕೆಂಡಿಗೆ ನಿಲ್ಲಿಸಿದರೂ ಲೆಕ್ಕವೇ. ಮಗು ಮಲಗಲಿ ಅಂತ ಹಾಕಿದ್ದೂ ಲೆಕ್ಕ. ಯೂಟ್ಯೂಬಿನ ವ್ಯೂಸ್ ಕಥೆಯೂ ಅಷ್ಟೇ, ದುಡ್ಡು ಹಾಕಿ ಜಾಹೀರಾತು ಮಾಡಿದವರ ಹಾಡು ಮೇಲೆ ಬರುತ್ತದೆ. ಯಂತ್ರಕ್ಕೆ ಎಷ್ಟು ಸಲ ಅನ್ನುವುದು ಗೊತ್ತು. ಯಾಕೆ ಅನ್ನುವುದು ಗೊತ್ತಿಲ್ಲ. ಆ ಯಾಕೆಯನ್ನು ನಾವು ಬಿಟ್ಟುಕೊಡಬಾರದು.

2024ರ ಡಿಸೆಂಬರ್‌ನಲ್ಲಿ ನಡೆದದ್ದು ಹೇಳುತ್ತೇನೆ. ಆಗ ಊರಲ್ಲಿ ಅಡಕೆ ಕೊಯ್ಲು. ಕೆಂಪಡಕೆ ಮಾಡುವವರಿಗೆ ಪುರುಸೊತ್ತೇ ಇರುವುದಿಲ್ಲ. ಕೊಯ್ದ ಹಸಿ ಕಾಯಿಯನ್ನು ರಾತ್ರಿಯೇ ಸುಲಿದು ಮುಗಿಸಬೇಕು, ಬೆಳಿಗ್ಗೆ ಹಂಡೆಗೆ ಹಾಕಬೇಕು. ದೊಡ್ಡಪ್ಪನ ಮನೆಯ ಚಪ್ಪರದ ಕೆಳಗೆ ಹತ್ತಾರು ಜನ ಅಡಕೆ ಸುಲಿಯುವ ಮೆಟ್ಟುಗತ್ತಿ ಹಾಕಿಕೊಂಡು ಕೂತಿದ್ದರು. ನಿದ್ದೆ ಬಾರದಿರಲಿ ಅಂತ ಸ್ಪೀಕರ್‌ನಲ್ಲಿ ಹಾಡು. ನಾನು ನನ್ನ ಪಟ್ಟಿಯ ಹಾಡುಗಳನ್ನೇ ಹಾಕಿದೆ, ಕೆಳಗಿನಿಂದ ಮೇಲಕ್ಕೆ. ಎಷ್ಟನೇ ರ‍್ಯಾಂಕ್ ಅಂತಲೂ ಹೇಳುತ್ತಾ ಹೋದೆ.

'ಕೃಷ್ಣಂ ಪ್ರಣಯ ಸಖಿ'ಯ 'ದ್ವಾಪರ' ನಾಲ್ಕನೇದು ಅಂದಾಗ ಚಿಕ್ಕಮ್ಮನ ಕೈ ನಿಂತಿತು.

"ಎಂತ ಮಾರಾಯ್ತಿ, ಊರಿಗೆ ಊರೇ ಹಾಡ್ತಾ ಇರೋ ಹಾಡನ್ನ ನಾಲ್ಕನೇದು ಮಾಡ್ತೀಯಲ್ಲ?"

ಕೇಳಿ ಕೇಳಿ ಸಾಕಾಗಿದೆ ಅಂದೆ.

"ಸಾಕಾಗಿದ್ದು ನಿಂಗೆ. ಹಾಡಿಗೆ ಎಂತ ಆಗಿದೆ?"

ಅಲ್ಲಿಂದ ಚರ್ಚೆ ಶುರು. ಸುಲಿಯಲು ಬಂದಿದ್ದ ಒಬ್ಬ ಅಜ್ಜ, ಹಾಡಿದ ಹುಡುಗನ ಕನ್ನಡ ಬಹಳ ಚೊಕ್ಕ ಇದೆ, ಯಾವ ಊರಿನವನು ಅಂತ ಕೇಳಿದರು. ಜಸ್‌ಕರಣ್ ಸಿಂಗ್, ಪಂಜಾಬಿನವನು ಅಂದೆ. ಅವರು ನಂಬಲಿಲ್ಲ. ಇನ್ನೊಮ್ಮೆ ಹಾಕಿಸಿದರು. ಈ ಸಲ ಎಲ್ಲರೂ ಉಚ್ಚಾರಣೆಯನ್ನೇ ಕೇಳಿದರು. ಕಾಲೇಜಿಗೆ ಹೋಗುವ ಒಬ್ಬಳು, ಧಾಟಿ ಹಳೇ ಕಾಲದ ಪ್ರೇಮಗೀತೆಯಂತಿದೆ, ಅದಕ್ಕೇ ದೊಡ್ಡವರಿಗೂ ಹಿಡಿಸಿದೆ ಅಂದಳು. ಅರ್ಜುನ್ ಜನ್ಯ ಅದನ್ನು ಬೇಕಂತಲೇ ಹಾಗೆ ಮಾಡಿದ್ದಾರೆ ಅಂತ ಅವಳ ತಮ್ಮನ ವಾದ. ಬರೆದದ್ದು ನಾಗೇಂದ್ರ ಪ್ರಸಾದ್ ಅಂದಾಗ ದೊಡ್ಡಪ್ಪ, "ಹೌದನಾ? ಅವರು ಎಷ್ಟು ವರ್ಷದಿಂದ ಬರೀತಾ ಇದಾರೆ!" ಅಂತ ಹಳೆಯ ಹಾಡುಗಳನ್ನು ನೆನಪು ಮಾಡಿಕೊಳ್ಳಲು ಶುರು ಮಾಡಿದರು. ಮೊದಲ ಮೂರು ಹಾಡುಗಳಿಗೆ ಬರುವಷ್ಟರಲ್ಲಿ ಅರ್ಧ ರಾಶಿ ಮುಗಿದಿತ್ತು. ಕೊನೆಗೆ ಕೈ ಎತ್ತಿಸಿ ಮತ ಹಾಕಿಸಿದರು. ದ್ವಾಪರವೇ ಗೆದ್ದಿತು. ನಾನು ನನ್ನ ಪಟ್ಟಿಯಲ್ಲಿ ಅದರ ಜಾಗ ಬದಲಿಸಲಿಲ್ಲ. ಚಿಕ್ಕಮ್ಮ ಇವತ್ತಿಗೂ ಒಪ್ಪಿಲ್ಲ, ಫೋನ್ ಮಾಡಿದಾಗಲೆಲ್ಲ ಆ ವಿಷಯ ಎತ್ತುತ್ತಾಳೆ.

ಸುಮ್ನೆ ಹಾಡು ಹಾಕಿದ್ದರೆ ಅಷ್ಟು ಮಾತು ಹುಟ್ಟುತ್ತಿತ್ತಾ? ನಾಲ್ಕು ಅನ್ನುವ ಆ ಒಂದು ಅಂಕಿ ಚಪ್ಪರದಲ್ಲಿದ್ದವರನ್ನೆಲ್ಲ ಕಿವಿಗೊಟ್ಟು ಕೇಳುವ ಹಾಗೆ ಮಾಡಿತು.

ಡಿಸೆಂಬರ್ ಕೊನೆಗೆ ಬಂದ ಹಾಡಿನ ಗತಿ ಏನು ಅಂತ ಕೆಲವರು ಕೇಳುತ್ತಾರೆ. ಅವರಿಗೆ ಕ್ಯಾಲೆಂಡರ್‌ನದ್ದೇ ಚಿಂತೆ, ಹಾಡಿನದ್ದಲ್ಲ. ಇನ್ನು ಕೆಲವರು ಸಂಗೀತವನ್ನು ಅಳೆಯಲಾಗದು ಅಂತ ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಈ ವರ್ಷ ಬಂದ ಐದು ಹೊಸ ಹಾಡು ಹೇಳಿ ಅಂದರೆ ಅವರಿಗೆ ಗೊತ್ತಿರುವುದಿಲ್ಲ. ಈ ಡಿಸೆಂಬರ್‌ಗೂ ನನ್ನ ಇಪ್ಪತ್ತು ತಯಾರಾಗುತ್ತಿದೆ. ಒಪ್ಪದಿದ್ದವರು ತಮ್ಮ ಇಪ್ಪತ್ತನ್ನು ತಂದು ಎದುರು ಕೂರಲಿ.

ವಿರೋಧ: ಹಾಡಿಗೆ ಡಿಸೆಂಬರ್ 31ರ ಗಡುವು ಯಾಕೆ?

ವಿರೋಧದ ಕಡೆ ಬರೆಯಿರಿ ಅಂತ ನನಗೆ ಹೇಳಿದ್ದಾರೆ. ಪಟ್ಟಿ ಮಾಡುವವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರು ಹೇಳಿದ ಹಾಡನ್ನು ಹುಡುಕಿ ಕೇಳಿ ಖುಷಿಪಟ್ಟಿದ್ದೇನೆ. ಆದರೂ ವರ್ಷ ಮುಗಿಯುವ ಮೊದಲೇ ಹಾಡಿಗೆ ಒಂದು, ಎರಡು, ಮೂರು ಅಂತ ನಂಬರ್ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ.

'ಮುಂಗಾರು ಮಳೆ' ತೆರೆಗೆ ಬಂದದ್ದು 2006ರ ಡಿಸೆಂಬರ್ 29ಕ್ಕೆ. ವರ್ಷ ಮುಗಿಯಲು ಎರಡು ದಿನ ಬಾಕಿ. ಹಾಡುಗಳು ಅದಕ್ಕೂ ಮೊದಲೇ ಬಂದಿದ್ದವು ನಿಜ. ಆದರೆ ಜಯಂತ ಕಾಯ್ಕಿಣಿಯವರ ಸಾಲು, ಮನೋಮೂರ್ತಿಯವರ ಧಾಟಿ ಊರೂರಲ್ಲಿ, ಬಸ್ಸಲ್ಲಿ, ಮದುವೆ ಮನೆಯಲ್ಲಿ ಕೇಳಿಸಿದ್ದು 2007ರಲ್ಲಿ. ನಮ್ಮ ಜೋಗವನ್ನು ಆ ಸಿನಿಮಾದಲ್ಲಿ ನೋಡಿದವರು ಆ ಹಾಡುಗಳನ್ನು ಇಂದಿಗೂ ಬಿಟ್ಟಿಲ್ಲ. 2006ರ ಡಿಸೆಂಬರ್ ಮೊದಲ ವಾರ ಯಾರಾದರೂ ಪಟ್ಟಿ ಮಾಡಿದ್ದರೆ ಅವುಗಳಿಗೆ ಯಾವ ಜಾಗ ಸಿಗುತ್ತಿತ್ತು? 2007ರ ಪಟ್ಟಿಗೆ ಸೇರಿಸೋಣ ಅಂದರೆ ಅವು ಆ ವರ್ಷ ಬಂದ ಹಾಡುಗಳಲ್ಲ. ಸರಿಯಾಗಿ ಹತ್ತು ವರ್ಷದ ಮೇಲೆ 'ಕಿರಿಕ್ ಪಾರ್ಟಿ' ಬಂತು. ಅದೂ 2016ರ ಡಿಸೆಂಬರ್ 30ಕ್ಕೆ. 'ಬೆಳಗೆದ್ದು' ಹಾಡು ಕಾಲೇಜು ಹುಡುಗರ ಬಾಯಲ್ಲಿ ವರ್ಷವಿಡೀ ಇದ್ದದ್ದು 2017ರಲ್ಲಿ. ನಮ್ಮ ಕಾಲದ ಎರಡು ದೊಡ್ಡ ಯಶಸ್ಸುಗಳೇ ವರ್ಷದ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ ಅಂದಮೇಲೆ ಆ ಲೆಕ್ಕವನ್ನು ಎಷ್ಟು ನಂಬುವುದು?

ಬೇರೆ ಕಡೆಯೂ ಇದೇ ಪಾಡು. ಕೇಟ್ ಬುಷ್ ಅನ್ನುವ ಇಂಗ್ಲಿಷ್ ಗಾಯಕಿಯ 'ರನ್ನಿಂಗ್ ಅಪ್ ದಟ್ ಹಿಲ್' 1985ರಲ್ಲಿ ಬಂದಾಗ ಇಂಗ್ಲೆಂಡಿನ ಪಟ್ಟಿಯಲ್ಲಿ ಮೂರನೇ ಜಾಗದವರೆಗೆ ಹೋಗಿ ನಿಂತಿತು. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಅನ್ನುವ ಸರಣಿಯಲ್ಲಿ ಬಳಸಿದ ಮೇಲೆ ಒಂದನೇ ಜಾಗಕ್ಕೆ ಬಂತು. ಮಧ್ಯೆ ಕಳೆದದ್ದು 37 ವರ್ಷ. ಹಾಡಿನ ಒಂದು ಸ್ವರವೂ ಬದಲಾಗಿರಲಿಲ್ಲ. ಕೇಳುವವರು ಬದಲಾಗಿದ್ದರು. ಹಾಗಾದರೆ ಮೂರನೇದು ಅಂತ ಆಗ ಕೊಟ್ಟ ನಂಬರ್ ಹಾಡಿನದ್ದೋ, ಆ ವಾರದ ಗಿರಾಕಿಗಳದ್ದೋ?

ನಾನು ಸಾಗರದಲ್ಲಿ ಮಕ್ಕಳಿಗೆ ಭಾವಗೀತೆ ಹೇಳಿಕೊಡುತ್ತೇನೆ. 'ಜೋಗದ ಸಿರಿ ಬೆಳಕಿನಲ್ಲಿ' ಇಲ್ಲದೆ ಇಲ್ಲಿ ಶಾಲೆಯ ಕಾರ್ಯಕ್ರಮ ಮುಗಿಯುವುದು ಅಪರೂಪ. ಬರೆದ ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ. ಆ ವರ್ಷದ ಹಾಡುಗಳಲ್ಲಿ ಅದು ಎಷ್ಟನೇದು ಅಂತ ನನ್ನ ಹತ್ತಿರ ಕಲಿಯುವ ಯಾವ ಮಗುವೂ ಕೇಳಿಲ್ಲ. ಅಪ್ಪ ಅಮ್ಮ ಹುಟ್ಟುವ ಮೊದಲಿನ ಹಾಡನ್ನು ತಮ್ಮದೇ ಅಂತ ಹಾಡುತ್ತವೆ.

ಇನ್ನೊಂದು ತೊಂದರೆಯೂ ಇದೆ. ಟಿವಿ ಸ್ಪರ್ಧೆಗಳನ್ನು ನೋಡಿ ಬೆಳೆದ ಮಕ್ಕಳು ಹಾಡು ಕಲಿಯುವ ಮೊದಲೇ, "ಇದನ್ನ ಹಾಡಿದ್ರೆ ಪ್ರೈಜ್ ಬರುತ್ತಾ ಟೀಚರ್?" ಅಂತ ಕೇಳುತ್ತವೆ. ಮನೆಯವರೂ ಅದನ್ನೇ ಕೇಳುತ್ತಾರೆ. ಎಲ್ಲದಕ್ಕೂ ನಂಬರ್ ಕೊಡುವ ಅಭ್ಯಾಸ ಈಗಾಗಲೇ ಜಾಸ್ತಿ ಆಗಿದೆ. ಪ್ರೀತಿಯಿಂದ ಕೇಳುವ ಹಾಡಿಗೂ ಅದು ಬೇಡ.

ರ‍್ಯಾಂಕ್ ಕೊಟ್ಟರೆ ಮಾತ್ರ ಗಮನ ಕೊಟ್ಟು ಕೇಳುತ್ತೇವೆ ಅನ್ನುವವರಿಗೆ ಒಂದು ಮಾತು. ಬೆಳಿಗ್ಗೆ ಭದ್ರಾವತಿ ಆಕಾಶವಾಣಿ ಹಾಕಿಕೊಂಡು ತಿಂಡಿ ಮಾಡುವವರಿದ್ದಾರೆ. ಮಧ್ಯೆ ಯಾವುದೋ ಹಾಡು ಬಂದಾಗ ಸೌಟು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. ಅವರೆಲ್ಲ ಗಮನವಿಲ್ಲದೆ ಕೇಳುವವರಾ?

ಹಾಗಂತ ಪಟ್ಟಿಯೇ ಬೇಡ ಅಂತ ನಾನು ಹೇಳಲಾರೆ. ಚೆನ್ನಾಗಿರುವ ಇಪ್ಪತ್ತು ಹಾಡು ಆರಿಸಿ, ಬರೆದವರ, ಹಾಡಿದವರ, ಸಂಗೀತ ಕೊಟ್ಟವರ ಹೆಸರು ಹಾಕಿ, ಅಕ್ಷರದ ಕ್ರಮದಲ್ಲಿ ಕೊಡಿ. ನಾನು ಎಲ್ಲವನ್ನೂ ಕೇಳುತ್ತೇನೆ. ನಂಬರ್ ಬೇಕೇ ಬೇಕು ಅಂತಾದರೆ ಸ್ವಲ್ಪ ಕಾಯಿರಿ. 2024ರ ಪಟ್ಟಿಯನ್ನು 2034ರಲ್ಲಿ ಮಾಡಲು ಕರೆದರೆ ನಾನೂ ಬಂದು ಕೂರುತ್ತೇನೆ.