ಲಿವರ್‌ಗಿಂತ ಕೆಳಗೆ ಯಾರೂ ನೋಡಲಿಲ್ಲ

ಕುಡಿತ ಬಿಟ್ಟು ಐದನೇ ವರ್ಷ ನಡೆದಿದೆ. ಜಮಖಂಡಿ ಗೆಳೆಯರಿಗೆ ಇದು ಹೊಸದಲ್ಲ, ನನ್ನನ್ನು ಗಟಾರದಿಂದ ಎತ್ತಿ ಮನೆ ಮುಟ್ಟಿಸಿದವರೇ ಅರ್ಧ ಜನ ಇಲ್ಲಿದ್ದೀರಿ. ಹೇಳದೇ ಇಟ್ಟದ್ದು ಬೇರೆ ಇದೆ, ಕುಡಿತದ ಜೊತೆ ಬಂದ ಗುಪ್ತರೋಗದ ಮಾತು. ಮನೆಯಾಕೆ ಎರಡು ಸಲ ಓದಿ, ಒಂದು ಸಾಲು ಅಳಿಸಿ, "ಹಾಕ್ರಿ" ಅಂದ ಮೇಲೆ ಹಾಕುತ್ತಿದ್ದೇನೆ.

ಬೆಳಗಾವಿಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ 21 ದಿನ ಇದ್ದೆ. ಚೆನ್ನಾಗಿಯೇ ನೋಡಿಕೊಂಡರು, ಸುಳ್ಳು ಹೇಳಬಾರದು. ಲಿವರ್, ಶುಗರ್ ಎಲ್ಲ ಪರೀಕ್ಷೆ ಆಯಿತು. ದಿನಕ್ಕೆ ಎಷ್ಟು ಕ್ವಾರ್ಟರ್, ಎದ್ದಕೂಡಲೇ ಬೇಕಾ, ಎಲ್ಲ ಕೇಳಿದರು. ಕುಡಿದ ರಾತ್ರಿ ಯಾರ ಜೊತೆ ಮಲಗಿದ್ದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆಗ ಕಬ್ಬಿನ ಲಾರಿ ಓಡಿಸುತ್ತಿದ್ದೆ. ಜೇಬಿನಲ್ಲಿ ನಿರೋಧ್ ಇರುತ್ತಿತ್ತು, ಬೆಳಿಗ್ಗೆ ನೋಡಿದರೆ ಅದೇ ಜೇಬಿನಲ್ಲೇ ಇರುತ್ತಿತ್ತು. ಬುದ್ಧಿ ಇರಲಿಲ್ಲ ಅಂತಲ್ಲ, ಮೂರನೇ ಕ್ವಾರ್ಟರ್‌ಗೆ ಅದು ಇಳಿದು ಹೋಗುತ್ತಿತ್ತು.

ಮನೆಗೆ ಬಂದು ಆರು ತಿಂಗಳಿಗೆ ಮನೆಯಾಕೆಗೆ ಬಿಳಿಸೆರಗು. ಟ್ರೈಕೊಮೊನಾಸ್ ಸೋಂಕು, ಕೂಡುವುದರಿಂದ ಹರಡುವಂಥದ್ದು, ಇಬ್ಬರೂ ಗುಳಿಗೆ ತಗೋಬೇಕು, ಇಲ್ಲದಿದ್ದರೆ ತಿರುಗಿ ಬರುತ್ತೆ ಅಂದರು ಡಾಕ್ಟರು. ಔಷಧ ಕೊಡುವ ಕಿಟಕಿಯಲ್ಲಿ ಸಿಸ್ಟರ್ ಕೇಳಿದರು, "ಬ್ಯಾರೆ ಏನರೆ ಗುಳಿಗಿ ನಡದಾವೇನ್ರಿ?" ಡೈಸಲ್ಫಿರಾಮ್ ಅಂದದ್ದೇ ತಡ, ನನ್ನ ಸ್ಟ್ರಿಪ್ಪನ್ನು ವಾಪಸ್ ಎಳೆದುಕೊಂಡರು. ಕುಡಿದರೆ ವಾಂತಿ ಬರಿಸುವ ಆ ಗುಳಿಗೆಯ ಜೊತೆ ಈ ಸೋಂಕಿನ ಗುಳಿಗೆ ಮೆಟ್ರೊನಿಡಜೋಲ್ ಸೇರಿದರೆ ಭ್ರಮೆ ಹಿಡಿಯಬಹುದು. ಡೈಸಲ್ಫಿರಾಮ್ ನಿಲ್ಲಿಸಿ ಎರಡು ವಾರ ಕಳೆದ ಮೇಲೇ ಮೆಟ್ರೊನಿಡಜೋಲ್. ಇಂಥದ್ದನ್ನು ಬಿಡುಗಡೆ ದಿನವೇ ಹೇಳಿ ಕಳಿಸಬೇಕಿತ್ತಲ್ಲವಾ?

ಅವತ್ತೇ ಐಸಿಟಿಸಿಗೂ, ಅಂದರೆ ಎಚ್‌ಐವಿ ಪರೀಕ್ಷೆ ಮಾಡಿ ಸಲಹೆ ಕೊಡುವ ಸರಕಾರಿ ಕೇಂದ್ರಕ್ಕೂ, ಕಳಿಸಿದರು. ಎಚ್‌ಐವಿ ಇರಲಿಲ್ಲ. ಸಿಫಿಲಿಸ್ ಅನ್ನೋ ಗುಪ್ತರೋಗ ನನಗಿತ್ತು. ಗಾಯವಿಲ್ಲ, ನೋವಿಲ್ಲ, ಸುಮ್ಮನೆ ರಕ್ತದಲ್ಲಿ ಕೂತಿತ್ತು. ಯಾವಾಗ ಬಂತೋ ಗೊತ್ತಿಲ್ಲದ್ದಕ್ಕೆ ವಾರಕ್ಕೊಮ್ಮೆಯಂತೆ ಮೂರು ವಾರ ಪೆನಿಸಿಲಿನ್. ಆ ಸೂಜಿ ಎಂಥದ್ದು ಅಂದರೆ, ಲಾರಿ ಸೀಟಿನ ಮೇಲೆ ಒಂದೇ ಮಗ್ಗುಲಲ್ಲಿ ಕೂತು ಮುಧೋಳದವರೆಗೆ ಹೋಗಿದ್ದೇನೆ.

"ಇದನ್ನೆಲ್ಲ ಕೇಳಿದ್ರ ಪೇಷಂಟ್ ಓಡಿಹೋಗ್ತಾನ" ಅಂತಾರೆ. ಒಬ್ಬನನ್ನೇ ಆರಿಸಿ ಕೇಳಿದರೆ ಓಡುತ್ತಾನೆ. ಬಂದವರೆಲ್ಲರಿಗೂ, ಅವ್ವ ಅಪ್ಪನನ್ನು ಹೊರಗೆ ಕೂರಿಸಿ, ನಡುಕ ಇಳಿದ ಮೇಲೆ ಕೇಳಿ ನೋಡಿ. ಜಬರದಸ್ತಿ ಟೆಸ್ಟ್ ನಾನು ಒಪ್ಪೋದಿಲ್ಲ, 2017ರ ಎಚ್‌ಐವಿ ಕಾಯ್ದೆಯೂ ಒಪ್ಪೋದಿಲ್ಲ. ಲಿವರ್ ಕೆಟ್ಟವನಿಗೆ ಹೆಪಟೈಟಿಸ್ ಬಿ ಲಸಿಕೆಯ ಬಗ್ಗೆಯಾದರೂ ಹೇಳಬಹುದಲ್ಲ, ಅದು ಕೂಡುವುದರಿಂದಲೂ ಹರಡುವ ರೋಗ. ನಿರೋಧ್ ಡಬ್ಬಿಯನ್ನು ಆಫೀಸ್ ಟೇಬಲ್ ಮೇಲಲ್ಲ, ಸಂಡಾಸದ ಹತ್ತಿರ ಇಡಿ. ಟೇಬಲ್ ಮೇಲಿನದ್ದನ್ನು ಯಾವ ಗಂಡಸೂ ಮುಟ್ಟೋದಿಲ್ಲ.

ಹೋದ ತಿಂಗಳು ಚಿಗವ್ವನ ಮಗನನ್ನು ಅದೇ ಕೇಂದ್ರಕ್ಕೆ ಸೇರಿಸಿದೆ. ಈ ಮಾತು ಎತ್ತಿದರೆ, "ಅದು ನಮ್ಮ ಕಡೆ ಬರೂದಿಲ್ರಿ" ಅಂದರು. ಬಿಡುಗಡೆಯಾದ ದಿನ ಬಸ್‌ಸ್ಟ್ಯಾಂಡಿಗೆ ಹೋಗುವ ಬದಲು ಅವನನ್ನೇ ಕೇಳಿ, ಒಪ್ಪಿದ ಮೇಲೆ ಸರಕಾರಿ ದವಾಖಾನೆಗೆ ಕರಕೊಂಡು ಹೋದೆ. ಪೈಸೆ ಖರ್ಚಿಲ್ಲ. ಮೂರು ತಿಂಗಳಿಗೆ ಮತ್ತೊಮ್ಮೆ ಬರಲು ಹೇಳಿದ್ದಾರೆ.

ಯಾಕ ಇಷ್ಟೊತ್ತು ಆತು ಅಂತ ಚಿಗವ್ವ ಕೇಳಿದಳು. "ರಕ್ತಕ್ಕ ಹೋಗಿದ್ವಿ" ಅಂದೆವು.